ತಾರವ್ವ ಎಡಗಣ್ಣು ಉಳಿಸಿಕೊಂಡದ್ದು

ಅಥಣಿ ತಾಲೂಕಿನ ಐಗಳಿಯ ಸುತ್ತಮುತ್ತ ಒಣದ್ರಾಕ್ಷಿಯ ಶೆಡ್ಡು ಇಟ್ಟುಕೊಂಡವರಿಗೆಲ್ಲ ತಾರವ್ವನ ಕಣ್ಣು ಬೇಕಾಗಿತ್ತು. ಹಂಗಾಮು ಶುರುವಾಗುವ ಮೊದಲೇ ಒಬ್ಬರಲ್ಲ ಒಬ್ಬರು ಅವಳ ಮನೆಯ ಕಟ್ಟೆಗೆ ಬಂದು ಕೂತು, ಚಹಾ ಕುಡಿದು, ಈ ವರ್ಷ ನಮ್ಮ ಕಡೆ ಬಾರವ್ವ ಎಂದು ಹೇಳಿ ಹೋಗುತ್ತಿದ್ದರು. ಅವಳು ಎಲ್ಲರಿಗೂ ಹೂಂ ಅನ್ನುತ್ತಿದ್ದಳು. ಹೋಗುತ್ತಿದ್ದದ್ದು ಮಾತ್ರ ಇಪ್ಪತ್ತು ವರ್ಷದಿಂದ ಅಣ್ಣಾಸಾಬನ ಶೆಡ್ಡಿಗೇ.

ಪಾಯಸಕ್ಕೆ ಹಾಕುವವರಿಗೆ ಒಣದ್ರಾಕ್ಷಿ ಅಂದರೆ ಒಂದೇ ವಸ್ತು. ತಾರವ್ವನಿಗೆ ಅದರಲ್ಲಿ ಏಳೆಂಟು ಬಣ್ಣ ಕಾಣುತ್ತಿದ್ದವು. ಜಾಳಿಗೆಯ ಮೇಲೆ ಹದಿನೈದು ದಿನ ಒಣಗಿ ಇಳಿದ ಮಾಲನ್ನು ಹೆಂಗಸರು ಸಾಲಾಗಿ ಕೂತು ಆರಿಸುತ್ತಾರೆ. ನಿಚ್ಚಳ ಹಸಿರಿನದು ಒಂದು ಕಡೆ, ಹಳದಿಗೆ ತಿರುಗಿದ್ದು ಇನ್ನೊಂದು ಕಡೆ, ಕಂದು ಬಣ್ಣದ್ದು ಮತ್ತೊಂದು ಕಡೆ. ಬೇರೆಯವರು ಒಂದೊಂದೇ ಕಾಳನ್ನು ಎತ್ತಿ ನೋಡಿ ಹಾಕುವಷ್ಟರಲ್ಲಿ ತಾರವ್ವನ ಎರಡೂ ಕೈಗಳು ತಾಟಿನ ಎರಡು ಬದಿಯಿಂದ ಕೆಲಸ ಮುಗಿಸಿರುತ್ತಿದ್ದವು. ಬಾಯಿ ಬೇರೆ ಸುಮ್ಮನಿರುತ್ತಿರಲಿಲ್ಲ. ಯಾರ ಸೊಸೆ ಯಾರ ಮನೆ ಬಿಟ್ಟು ಬಂದಳು, ಯಾರ ಎಮ್ಮೆ ಈದಿತು, ಎಲ್ಲವೂ ಅಲ್ಲೇ ಆಗಬೇಕು. ಅದೇ ತಾಲೂಕಿನ ಅನಂತಪುರದಲ್ಲಿ ಹುಟ್ಟಿ, ಐಗಳಿಯ ಜಕ್ಕಪ್ಪನನ್ನು ಕಟ್ಟಿಕೊಂಡು, ಅವನ ಆಡುಗಳನ್ನೂ ಒಬ್ಬಳೇ ಮಗಳು ಗಂಗಾಳನ್ನೂ ಸಾಕಿ ದೊಡ್ಡದು ಮಾಡಿದ ಹೆಂಗಸು ಅವಳು. ಅಕ್ಷರ ಕಲಿತಿರಲಿಲ್ಲ. ಕಲಿಯದೆ ಏನೂ ಕೆಟ್ಟಿಲ್ಲ ಎಂದು ಹೇಳುವಷ್ಟು ಸೊಕ್ಕೂ ಇತ್ತು.

ಇಂಥವಳ ತಾಟಿನಲ್ಲಿ ಈ ವರ್ಷದ ಫೆಬ್ರುವರಿಯಲ್ಲಿ ತಪ್ಪು ಸಿಕ್ಕಿತು. ಹಸಿರು ಮಾಲಿನ ನಡುವೆ ಒಂದು ಹಿಡಿ ಕಂದು ಕಾಳು. ಅಣ್ಣಾಸಾಬ ಮೊದಲು ನಕ್ಕ.

"ತಾರಕ್ಕಾ, ಇವತ್ತ ಅಳಿಯನ ಮನಿ ಕಡೆ ಚಿತ್ತ ಹೋಗೇತೇನ?"

ಮರುದಿನವೂ ಸಿಕ್ಕಿತು. ಮೂರನೆಯ ದಿನ ಅವನು ನಗಲಿಲ್ಲ. ತಾಟನ್ನು ಅವಳ ಮುಂದೆ ಇಟ್ಟು ಸುಮ್ಮನೆ ಹೋದ. ಬೈದಿದ್ದರೆ ತಾರವ್ವನೂ ಎರಡು ಮಾತು ತಿರುಗಿಸಿ ಹಗುರಾಗುತ್ತಿದ್ದಳು. ಈಗ ತಾಟು ನೋಡುವುದೇ ಉಳಿಯಿತು. ನೋಡಿದಾಗ ಒಂದು ವಿಷಯ ಗೊತ್ತಾಯಿತು: ತಪ್ಪು ಇದ್ದದ್ದೆಲ್ಲ ತಾಟಿನ ಬಲಗಡೆಯ ಅಂಚಿನಲ್ಲೇ.

ಅವಳು ಶೆಡ್ಡಿನ ಹಿಂದೆ ಬಿಸಿಲಿಗೆ ಹೋಗಿ, ಒಂದು ಹಸಿರು ಕಾಳನ್ನು ಅಂಗೈಯಲ್ಲಿ ಇಟ್ಟುಕೊಂಡು, ಬಲಗಣ್ಣು ಮುಚ್ಚಿ ನೋಡಿದಳು. ಕಾಳು ಹಸಿರಾಗಿತ್ತು. ಎಡಗಣ್ಣು ಮುಚ್ಚಿ ನೋಡಿದಳು. ಅದೇ ಕಾಳು ತಂಗಳು ಚಹಾದ ಬಣ್ಣಕ್ಕೆ ತಿರುಗಿತ್ತು. ಎರಡು ಸಲ, ಮೂರು ಸಲ ಹಾಗೇ ಮಾಡಿದಳು. ಕಾಳು ಹಟ ಹಿಡಿದಂತೆ ಅದೇ ಉತ್ತರ ಕೊಟ್ಟಿತು.

ಅದೇ ವಾರ ಅಥಣಿಯಲ್ಲಿ ಯಾವುದೋ ಸಂಘದವರು ಪುಕ್ಕಟೆ ಕಣ್ಣಿನ ತಪಾಸಣೆ ಇಟ್ಟಿದ್ದರು. ತಾರವ್ವ ಹೋಗಿ ಸಾಲಿನಲ್ಲಿ ನಿಂತಳು. ಕಾಗದ ಹಿಡಿದ ಒಬ್ಬ ಹುಡುಗಿ ಸಕ್ಕರೆ ಕಾಯಿಲೆ ಐತೇನು, ಬಿಪಿ ಐತೇನು ಎಂದು ಕೇಳಿ, ಹಿಂದೆ ದೊಡ್ಡ ಆಪರೇಶನ್ ಏನಾದರೂ ಆಗಿದೆಯಾ ಎಂದಳು.

"ಗರ್ಭಚೀಲದ್ದು ಆಗೇತ್ರಿ. ಮತ್ತೇನಿಲ್ಲ."

ಇದು ಸುಳ್ಳು. ಆದರೆ ನಾಲ್ಕು ವರ್ಷದಿಂದ ಹೇಳಿ ಹೇಳಿ ನಿಜಕ್ಕಿಂತ ನಯವಾಗಿ ಬಾಯಿಗೆ ಬರುತ್ತಿದ್ದ ಸುಳ್ಳು. ನಮ್ಮ ಕಡೆ ನಲವತ್ತು ದಾಟಿದ ಹೆಂಗಸರಲ್ಲಿ ಗರ್ಭಚೀಲ ತೆಗೆಸಿದವರು ಓಣಿಗೆ ನಾಲ್ಕು ಜನ ಸಿಗುತ್ತಾರೆ. ಅದರ ಬಗ್ಗೆ ಯಾರೂ ಎರಡನೆಯ ಪ್ರಶ್ನೆ ಕೇಳುವುದಿಲ್ಲ. ತಾರವ್ವನ ಗರ್ಭಚೀಲ ಇದ್ದಲ್ಲೇ ಇತ್ತು. ತೆಗೆದದ್ದು ಎಡಗಡೆಯ ಮೊಲೆ. ನಾಲ್ಕು ವರ್ಷದ ಹಿಂದೆ ಗಡಿಯಾಚೆ ಮಹಾರಾಷ್ಟ್ರದ ಮಿರಜಿನಲ್ಲಿ ತೆಗೆದಿದ್ದರು. ಕ್ಯಾನ್ಸರ್ ಇತ್ತು. ರಕ್ತಕ್ಕೆ ಕಿಮೋ ಔಷಧ ಹರಿಸಿಕೊಳ್ಳುವ ತಿಂಗಳುಗಳನ್ನು ಅನಂತಪುರದ ತವರಲ್ಲಿ ಕಳೆದಳು. ಕೂದಲು ಉದುರಿದ್ದಕ್ಕೆ ತಿರುಪತಿಗೆ ಹೋಗಿ ಮುಡಿ ಕೊಟ್ಟೆ ಅಂದಳು. ಊರು ಪ್ರಸಾದ ಕೇಳಿತು. ಅದನ್ನೂ ಯಾರಿಂದಲೋ ತರಿಸಿ ಹಂಚಿದಳು.

ಕಾರಣ ಗಂಗಾ. ಆಗ ಅವಳಿಗೆ ಗಂಡು ನೋಡುತ್ತಿದ್ದರು. ತಾಯಿಗೆ ದೊಡ್ಡ ರೋಗವಂತೆ ಎಂಬ ಮಾತು ಬಾಗಿಲು ದಾಟಿದರೆ ಗಂಡಿನ ಕಡೆಯವರು ಆ ಬಾಗಿಲಿಗೆ ಬರುವುದಿಲ್ಲ ಎಂದು ತಾರವ್ವ ತಾನೇ ತೀರ್ಮಾನಿಸಿದ್ದಳು. ಗಂಗಾಳ ಮದುವೆ ಚಿಕ್ಕೋಡಿ ತಾಲೂಕಿನ ಕಬ್ಬೂರಿನ ಬಸವಂತನ ಜೊತೆ ಆಯಿತು. ಆಮೇಲಾದರೂ ಹೇಳಬಹುದಿತ್ತು. ಈಗ ಹೇಳಿದರೆ ಮುಚ್ಚಿಟ್ಟು ಮದುವೆ ಮಾಡಿದರು ಅನ್ನುತ್ತಾರೆ ಎಂಬ ಹೊಸ ಭಯ ಹುಟ್ಟಿತು. ಬೀಗರು ಬಂದು ಹೋಗಿ ಮಾಡುವ ಮನೆಯಲ್ಲಿ ಗುಳಿಗೆಯ ಚೀಟಿ ಯಾರ ಕೈಗಾದರೂ ಸಿಕ್ಕೀತೆಂದು, ಐದು ವರ್ಷ ನುಂಗಬೇಕಾದ ಗುಳಿಗೆಯನ್ನು ಎರಡೂವರೆ ವರ್ಷಕ್ಕೇ ನಿಲ್ಲಿಸಿದಳು. ಮಿರಜಿಗೆ ಹೋಗುವುದನ್ನೂ ಬಿಟ್ಟಳು. ಮನೆಯ ಮೂವರನ್ನು ಬಿಟ್ಟರೆ ಗುಟ್ಟು ಗೊತ್ತಿದ್ದದ್ದು ಶಹಜಾದಬಿಗೆ ಮಾತ್ರ. ಅವಳು ಶೆಡ್ಡಿನಲ್ಲಿ ತಾರವ್ವನ ಪಕ್ಕ ಕೂರುವವಳು, ಊರಿನ ಹೆಂಗಸರಿಗೆ ಕುಬಸ ಹೊಲಿಯುವವಳು. ತಾರವ್ವನ ಕುಬಸದ ಒಳಗೆ ಎಡಗಡೆಗೆ ಚೀಲದಂತೆ ಹೊಲಿದು ಅರಳೆ ತುಂಬಿ ಕೊಟ್ಟವಳು ಅವಳೇ.

ಗರ್ಭಚೀಲ ಎಂದು ಬರೆದುಕೊಂಡ ಮೇಲೆ ತಪಾಸಣೆಯವರಾದರೂ ಏನು ಮಾಡಿಯಾರು? ವಯಸ್ಸು ಐವತ್ತನಾಲ್ಕು, ಪೊರೆ ಬರಲು ಶುರುವಾಗಿರಬೇಕು ಎಂದು ಹನಿ ಔಷಧ ಕೊಟ್ಟು, ಮಳೆಗಾಲದಲ್ಲಿ ಬಾ ಅಂದರು. ತಾರವ್ವ ದಿನಕ್ಕೆ ಮೂರು ಸಲ ಹನಿ ಹಾಕಿಕೊಂಡಳು. ಯುಗಾದಿಯ ಹೊತ್ತಿಗೆ ಬಲಗಣ್ಣಿನಲ್ಲಿ ಬಣ್ಣ ಹೋಗಿ ಬರೀ ನೆರಳು ಉಳಿಯಿತು. ಹಬ್ಬ ಕಳೆದ ವಾರಕ್ಕೆ ನೆರಳೂ ಹೋಯಿತು.

ಅವಳು ಅಳಲಿಲ್ಲ ಎಂದರೆ ಸುಳ್ಳಾಗುತ್ತದೆ. ಆಡಿನ ಕೊಟ್ಟಿಗೆಯಲ್ಲಿ ಕೂತು ಚೆನ್ನಾಗಿಯೇ ಅತ್ತಳು. ಆಮೇಲೆ ಮುಖ ತೊಳೆದುಕೊಂಡು ಒಂದು ಸಣ್ಣ ಸ್ಟೀಲಿನ ಡಬ್ಬಿಗೆ ಹತ್ತು ಒಣದ್ರಾಕ್ಷಿ ಹಾಕಿಕೊಂಡಳು, ಐದು ಹಸಿರು, ಐದು ಕಂದು. ದಿನಾ ಬೆಳಿಗ್ಗೆ ಅವನ್ನು ತಾಟಿಗೆ ಸುರಿದು, ಜಕ್ಕಪ್ಪನಿಂದ ಕಲಸಿಸಿ, ಉಳಿದ ಎಡಗಣ್ಣಿನಿಂದ ಬೇರೆ ಮಾಡುವಳು. ಕಣ್ಣಿನ ಡಾಕ್ಟರು ಗೋಡೆಗೆ ಅಕ್ಷರ ತೂಗುಹಾಕುತ್ತಾರೆ. ಅಕ್ಷರ ಬಾರದ ತಾರವ್ವ ತನಗೆ ಬರುವ ವಿದ್ಯೆಯನ್ನೇ ಪರೀಕ್ಷೆ ಮಾಡಿಕೊಂಡಳು. ಹತ್ತಕ್ಕೆ ಹತ್ತು ಬರುತ್ತಿತ್ತು. ಜಕ್ಕಪ್ಪ, ಇನ್ನ ಸಾಕು ಬಿಡು, ಹಂಗಾಮು ಮುಗದೈತಿ ಎಂದು ಚೇಷ್ಟೆ ಮಾಡುತ್ತಿದ್ದ.

ಏಪ್ರಿಲ್ ನಡುವಿನಲ್ಲಿ ಒಂದು ಬೆಳಿಗ್ಗೆ ಹತ್ತರಲ್ಲಿ ಎಂಟು ಬಂತು. ಮರುದಿನ ಏಳು.

ಜಕ್ಕಪ್ಪ ಈ ಸಲ ಚೇಷ್ಟೆ ಮಾಡಲಿಲ್ಲ. ತಾರವ್ವ ಡಬ್ಬಿ ಹಿಡಿದುಕೊಂಡು ನೇರ ಶಹಜಾದಬಿಯ ಮನೆಗೆ ಹೋದಳು. ಅವಳು ಹೊಲಿಗೆ ಮಷಿನ್ ನಿಲ್ಲಿಸಿ, ಕಾಳುಗಳನ್ನು ತಾನೂ ಕಲಸಿ ಕೊಟ್ಟು ನೋಡಿದಳು. ಏಳೇ ಬಂತು.

"ತಾರವ್ವ, ಇದು ಪೊರಿ ಅಲ್ಲ," ಎಂದಳು ಶಹಜಾದಬಿ. "ನಮ್ಮ ಅಮ್ಮೀಗೆ ಪೊರಿ ಬಂದಿತ್ತು, ನಾ ನೋಡೀನಿ. ಅದು ವರ್ಷಗಟ್ಟಲೆ ಬರ್ತೈತಿ, ಹಿಂಗ ಓಡಿ ಬರೂದಿಲ್ಲ. ನೀ ಎದಿ ತಗಸಿದ್ದು ಹೇಳೀ ಏನ ಅವರಿಗೆ?"

"ಕಣ್ಣಿಗೂ ಎದಿಗೂ ಏನ ಸಂಬಂಧ ಬೇ?"

"ಅದನ್ನ ಡಾಕ್ಟರ್ ಹೇಳಲಿ. ನೀ ಮುಚ್ಚಿಟ್ಟರ ಅವರಿಗೆ ಹೆಂಗ ತಿಳಿಬೇಕು? ನಾ ಅರಳಿ ತುಂಬಿ ಕೊಟ್ಟಿದ್ದು ಊರಿನ ಕಣ್ಣಿಗೆ, ಡಾಕ್ಟರ್ ಕಣ್ಣಿಗಲ್ಲ."

ತಾರವ್ವನಿಗೆ ಸಿಟ್ಟು ಬಂತು. ನಿಜ ಹೇಳಿದವರ ಮೇಲೆ ಬರುವಂಥ ಸಿಟ್ಟು. ಮನೆಗೆ ಬರುವ ದಾರಿಯಲ್ಲೇ ಅದು ಇಳಿಯಿತು. ಬಲಗಣ್ಣನ್ನು ತಾನೇ ಸುಳ್ಳು ಹೇಳಿ ಕಳೆದುಕೊಂಡೆ ಎಂಬುದು ಅವಳಿಗೆ ಅಲ್ಲಿ, ಕಾಲುದಾರಿಯ ಮೇಲೆ, ಪೂರ್ತಿಯಾಗಿ ತಿಳಿಯಿತು. ಒಂದು ಕಲ್ಲಿನ ಮೇಲೆ ಕೂತಳು. ಎದ್ದಾಗ ನಿರ್ಧಾರವಾಗಿತ್ತು: ಎಡಗಣ್ಣನ್ನು ಕೊಡುವುದಿಲ್ಲ.

ಮಿರಜಿಗೆ ಹೋಗುವ ದಿನ ಒಂದು ತೊಡಕು ಬಂತು. ಗಾಡಿ ಇದ್ದದ್ದು ಅಳಿಯ ಬಸವಂತನದು. ಅವನ ಜೊತೆ ಗಂಗಾ ಬಂದಳು, ಸರಿ. ಬಸವಂತನ ತಾಯಿ ಅನುಸೂಯಾ ಕೂಡ ಬಂದು ಗಾಡಿಯಲ್ಲಿ ಕೂತಿದ್ದಳು. ಮೊಣಕಾಲು ನೋವಂತೆ, ಅಲ್ಲೇ ತೋರಿಸಿಕೊಂಡು ಬರುತ್ತಾಳಂತೆ. ಅನುಸೂಯಾ ಮಾತು ಕಡಿಮೆಯ, ಮಡಿಕೆ ಕೆಡದ ಸೀರೆಯ ಹೆಂಗಸು. ಮದುವೆಯ ದಿನ ಹೋಳಿಗೆಗೆ ತುಪ್ಪ ಸಾಲದೆಂದು ಒಂದು ಹುಬ್ಬು ಎತ್ತಿದ್ದಳು. ಆ ಹುಬ್ಬು ತಾರವ್ವನಿಗೆ ಇನ್ನೂ ನೆನಪಿತ್ತು.

ಗಂಗಾ ತಾಯಿಯ ಕಿವಿಯಲ್ಲಿ, "ಅವ್ವಾ, ಅತ್ತಿ ಮುಂದ ಏನೂ ಬಾಯಿ ಬಿಡಬ್ಯಾಡ. ಕಣ್ಣಷ್ಟ ತೋರಸೂಣು," ಎಂದಳು.

ಮಿರಜಿನ ಆಸ್ಪತ್ರೆಯಲ್ಲಿ ಕಣ್ಣಿನ ವಿಭಾಗದ ಡಾಕ್ಟರು ರಾಜೇಶ್ವರಿ ಎಂಬವರು. ನಿಪ್ಪಾಣಿಯ ಮಗಳು, ಹಾಗಾಗಿ ಕನ್ನಡ ಮಾತಾಡುತ್ತಿದ್ದರು. ದೀಪ ಹಾಕಿ ಎರಡೂ ಕಣ್ಣು ನೋಡಿದರು. ಕಣ್ಣು ಮೇಲಿನಿಂದ ನೆಟ್ಟಗಿದೆ, ಪೊರೆ ಹೇಳಿಕೊಳ್ಳುವಂಥದ್ದಲ್ಲ, ಆದರೂ ಬಲಗಣ್ಣಿನ ನರ ಬಿಳಿಚಿಕೊಂಡಿದೆ ಎಂದರು. ಅವರ ಮುಖದಲ್ಲಿ ಲೆಕ್ಕ ಕೂಡದ ಭಾವ ಇತ್ತು.

"ಹಿಂದ ಏನರ ದೊಡ್ಡ ಬ್ಯಾನಿ ಆಗಿತ್ತೇನ್ರಿ, ತಾಯಿ? ಆಪರೇಶನ್?"

ಕೋಣೆಯಲ್ಲಿ ಬಲಗಡೆಗೆ ಅನುಸೂಯಾ ಕೂತಿದ್ದಳು. ಎಡಗಡೆ ನಿಂತ ಗಂಗಾ ತಾಯಿಯ ಕೈಯನ್ನು ಹಿಸುಕಿದಳು. ಸುಮ್ಮನಿರು ಎಂದು ಹಿಸುಕಿದ್ದು. ಹಿಂದೆ ಜಕ್ಕಪ್ಪ ಕೆಮ್ಮಿದ. ಗರ್ಭಚೀಲ ಎಂಬ ಶಬ್ದ ತಾರವ್ವನ ನಾಲಿಗೆಯ ತುದಿಗೆ ತಾನಾಗಿ ಬಂದು ನಿಂತಿತು. ಅವಳು ಅದನ್ನು ನುಂಗಿದಳು.

"ನಾಕು ವರ್ಷದ ಹಿಂದ ಇದ ಊರಾಗ ಎಡಕಿನ ಎದಿ ತಗಸೀನ್ರಿ. ಕ್ಯಾನ್ಸರ್ ಇತ್ತು. ಗುಳಿಗಿ ಐದು ವರ್ಷ ತಗೋ ಅಂದಿದ್ರು, ನಡುವ ಬಿಟ್ಟೀನಿ. ಊರಾಗ ಗರ್ಭಚೀಲದ್ದು ಅಂತ ಹೇಳಿದ್ದೆ. ಅಥಣ್ಯಾಗ ಕಣ್ಣು ತೋರಸಿದಾಗೂ ಅದನ್ನ ಹೇಳಿದೆ. ಅದಕ್ಕ ಈ ಕಣ್ಣು ಹೋತು."

ರಾಜೇಶ್ವರಿ ಡಾಕ್ಟರು ಪೆನ್ನು ಕೆಳಗಿಟ್ಟರು. ಅನುಸೂಯಾ ಎದ್ದಳು. ಯಾರ ಮುಖವನ್ನೂ ನೋಡದೆ ಹೊರಗೆ ಹೋದಳು. ಕಿಟಕಿಯಿಂದ ಕಾಣುತ್ತಿತ್ತು: ಅವಳು ಅಂಗಳ ದಾಟಿ ಗಾಡಿಯೊಳಗೆ ಹೋಗಿ, ಸೆರಗು ಬಿಗಿಯಾಗಿ ಹೊದ್ದು ಕೂತುಬಿಟ್ಟಳು. ಗಂಗಾ ಅಳತೊಡಗಿದಳು.

"ಆಮ್ಯಾಗ ಅಳವಂತಿ. ಮೊದಲ ಡಾಕ್ಟರ್ ಹೇಳೂದು ಕೇಳು," ಎಂದಳು ತಾರವ್ವ.

ಸ್ಕ್ಯಾನ್ ಅಂದೇ ಆಯಿತು. ಸಂಜೆಗೆ ಮೂಗಿನ ಡಾಕ್ಟರು, ಮೆದುಳಿನ ಡಾಕ್ಟರು, ಕ್ಯಾನ್ಸರಿನ ಡಾಕ್ಟರು ಕೂಡಿ ಕೂತರು. ರಾಜೇಶ್ವರಿ ಎಲ್ಲರ ಮಾತನ್ನೂ ಕನ್ನಡಕ್ಕೆ ತಂದು ಹೇಳಿದರು. ಎದೆಯ ರೋಗ ಮೂಗಿನ ಮೇಲಿನ, ಕಣ್ಣಿನ ಹಿಂದಿನ ಮೂಳೆಗೆ ಬಂದು ಕೂತಿದೆ. ಕಣ್ಣಿನ ನರಗಳು ಆ ಮೂಳೆಯ ಸಣ್ಣ ದಾರಿಯಿಂದಲೇ ಹಾದು ಹೋಗುತ್ತವೆ. ಬಲಗಡೆಯ ನರವನ್ನು ಅದು ಪೂರ್ತಿ ಹಿಂಡಿಬಿಟ್ಟಿದೆ. ಈಗ ಎಡಗಡೆಯದನ್ನು ಹಿಂಡತೊಡಗಿದೆ.

ತಾರವ್ವ ಅದನ್ನು ತನ್ನ ಭಾಷೆಗೆ ತಂದುಕೊಂಡಳು. "ದ್ರಾಕ್ಷಿ ತೋಟದಾಗ ಡ್ರಿಪ್ಪಿನ ಪೈಪಿನ ಮ್ಯಾಲ ಕಲ್ಲು ಬಿದ್ದಾಂಗ ಆತು, ಅಲ್ರಿ?"

"ಹಾಂಗ ಅನ್ನಿರಿ."

"ಕಲ್ಲು ತಗದ್ರ ನೀರು ಹರೀತೈತಿ."

"ಬಲಗಡೆ ಬಳ್ಳಿ ಒಣಗಿ ಹೋಗೇತ್ರಿ ತಾಯಿ. ಆ ಕಣ್ಣು ಬರೂದಿಲ್ಲ. ಎಡಗಡೆದು ಇನ್ನೂ ಹಸಿ ಐತಿ. ಮೂಗಿನೊಳಗಿಂದ ಸಣ್ಣ ದುರ್ಬೀನು ಹಾಕಿ, ಹಿಂಡಾಕತ್ತಿರೋ ಮೂಳಿ ಕೆತ್ತಿ ತಗದು, ನರಕ್ಕ ಜಾಗಾ ಮಾಡಿ ಕೊಡ್ತಾರ. ಮುಖದ ಮ್ಯಾಲ ಗಾಯ ಇರೂದಿಲ್ಲ. ಆದ್ರ ಖಾತ್ರಿ ಕೊಡಾಕ ಬರೂದಿಲ್ಲ. ಇದ್ದದ್ದು ಉಳಿದರ ಭಾಳ. ಕೈಕೊಟ್ಟರ ಇದ್ದದ್ದೂ ಹೋಗಬಹುದು. ಮತ್ತ ಒಂದು ಮಾತು. ಈ ಆಪರೇಶನ್ ಕಣ್ಣಿಗಷ್ಟ. ರೋಗ ಇದರಿಂದ ಹೋಗೂದಿಲ್ಲ. ಅದಕ್ಕ ಕರೆಂಟ್, ಅಂದ್ರ ರೇಡಿಯೇಶನ್, ಬ್ಯಾರೆ, ಗುಳಿಗಿ ಬ್ಯಾರೆ. ಪೂರಾ ಗುಣ ಆಗ್ತೈತಿ ಅಂತ ನಾ ಹೇಳೂದಿಲ್ಲ."

ಜಕ್ಕಪ್ಪ ಟೋಪಿ ಕೈಯಲ್ಲಿ ಹಿಡಿದು ಕೇಳಿದ: "ಎಷ್ಟು ದಿನ ಇರ್ತಾಳ್ರಿ ಇಕಿ?"

"ಅದನ್ನ ಹೇಳಾಕ ಆಗೂದಿಲ್ರಿ. ಔಷಧ ಹಿಡಿದರ ವರ್ಷಗಟ್ಟಲೆ ಇದ್ದವರೂ ಅದಾರ. ಇರದವರೂ ಅದಾರ."

"ಹಂಗಾರ ಯಾಕ ಕಡಸೂದು ಮತ್ತ? ಗುಳಿಗಿ ಕೊಡ್ರಿ, ಮನ್ಯಾಗ ಇಟ್ಟು ನೋಡ್ಕೋತೀನಿ. ಕೈ ಹಿಡದು ಅಡ್ಡಾಡಸ್ತೀನಿ. ನಾ ಏನ ಸತ್ತೀನೇನ?"

ಅವನ ದನಿ ಒಡೆಯಿತು. ಹೆಂಡತಿಯ ಮೇಲಿನ ಪ್ರೀತಿಯನ್ನು ಮೂವತ್ತೈದು ವರ್ಷದಲ್ಲಿ ಜಕ್ಕಪ್ಪ ಇಷ್ಟು ಜನರ ಮುಂದೆ ಹೇಳಿದ್ದು ಅದೇ ಮೊದಲು. ಆದರೆ ತಾರವ್ವ ಸೋಲಲಿಲ್ಲ.

"ನೀವು ಕೈ ಹಿಡಿತೀರಿ, ಗೊತ್ತೈತಿ. ಎಷ್ಟು ದಿನ ಇರ್ತೀನಿ ಅಂಬೂದು ನನ್ನ ಕೈಯಾಗಿಲ್ಲ, ಇವರ ಕೈಯಾಗೂ ಇಲ್ಲ. ಇರೂ ದಿನ ನೋಡಕೋತ ಇರಬೇಕು ನಾನು. ಚಹಾಕ್ಕ ಹಾಲು ಎಷ್ಟು ಬಿತ್ತು ಅಂತ ಇನ್ನೊಬ್ಬರನ್ನ ಕೇಳಿ ಕುಡಿಯೂ ಹೆಂಗಸಲ್ಲ ನಾ. ಒಂದು ಕಣ್ಣು ನಾನ ಸುಳ್ಳ ಹೇಳಿ ಕಳಕೊಂಡೆ. ಇದನ್ನ ಅಂಜಿ ಕಳಕೊಳ್ಳೂದಿಲ್ಲ. ಯಾವಾಗ ಮಾಡ್ತೀರಿ ಹೇಳ್ರಿ, ಡಾಕ್ಟರ."

ನಾಡಿದ್ದು ಬೆಳಿಗ್ಗೆ ಎಂದರು. ನರದ ಊತ ಇಳಿಯಲೆಂದು ಅಂದೇ ಇಂಜೆಕ್ಷನ್ ಶುರು ಮಾಡಿದರು. ಹೆಬ್ಬೆಟ್ಟು ಒತ್ತುವ ಮುಂಚೆ ತಾರವ್ವ ಕಾಗದದಲ್ಲಿ ಬರೆದದ್ದನ್ನೆಲ್ಲ ಎರಡು ಸಲ ಓದಿಸಿ ಕೇಳಿದಳು. ಓದಿದ ನರ್ಸು ಸುಸ್ತಾದಳು.

ಎಲ್ಲರೂ ಅಂದುಕೊಂಡದ್ದು ಅನುಸೂಯಾ ಅಂದೇ ಕಬ್ಬೂರಿಗೆ ಹೊರಡುತ್ತಾಳೆ, ಹೊರಡುವಾಗ ಸೊಸೆಗೆ ಇನ್ನು ತವರಲ್ಲೇ ಇರು ಎಂದು ಹೇಳಿ ಹೋಗುತ್ತಾಳೆ ಎಂದು. ಅವಳು ಹೊರಡಲಿಲ್ಲ. ಮಗನ ಬಾಯಿಯಿಂದ ಹೇಳಿ ಕಳಿಸಿದಳು, ಆಪರೇಶನ್ ಆಗೂ ತನಕ ಇಲ್ಲೇ ಇರ್ತೀನಿ ಅಂತ. ಮಾತು ಮಾತ್ರ ಪೂರ್ತಿ ಬಿಟ್ಟಳು. ವಾರ್ಡಿನ ಹೊರಗಿನ ಬಾಕಿನ ಮೇಲೆ ಕೂತಿರುವಳು. ಗಂಗಾ ಚಹಾ ಕೊಟ್ಟರೆ ಕುಡಿಯುವಳು, ಕಪ್ಪು ವಾಪಸು ಕೊಡುವಳು. ಮೊಣಕಾಲನ್ನೂ ತೋರಿಸಲಿಲ್ಲ. ಅತ್ತೆಯ ಸಿಟ್ಟು ಎಲ್ಲಿ ಹೋಗಿ ಮುಟ್ಟುವುದೋ ಎಂದು ಗಂಗಾ ಒಳಗೇ ಬೆಂದಳು. ತಾರವ್ವನಿಗೂ ಚಿಂತೆಯಿತ್ತು. ಒಂದು ಸಲಕ್ಕೆ ಒಂದೇ ಚಿಂತೆ ಎಂದು ಅದನ್ನು ಆಚೆ ಇಟ್ಟಳು.

ಆಪರೇಶನ್ನಿನ ಬೆಳಿಗ್ಗೆ ಕಾಳು ಸುರಿದು ನೋಡಿದಳು. ಹತ್ತರಲ್ಲಿ ಆರು. ಕಣ್ಣು ಮುಚ್ಚಿ ಆರಿಸಿದರೂ ಐದು ಸರಿಯಾಗುವ ಸಾಧ್ಯತೆ ಇದೆ, ಅಂದರೆ ಎಡಗಣ್ಣಿನಲ್ಲಿ ಉಳಿದಿದ್ದ ಬಣ್ಣ ಒಂದು ಕಾಳಿನಷ್ಟು. ಡಬ್ಬಿಯನ್ನು ಗಂಗಾಳ ಕೈಗೆ ಕೊಟ್ಟು, "ತಿಂದುಗಿಂದೀ ಮತ್ತ," ಎಂದು ಗದರಿಸಿ, ಗಾಲಿಯ ಮಂಚದ ಮೇಲೆ ಮಲಗಿ ಒಳಗೆ ಹೋದಳು.

ನಾಲ್ಕು ತಾಸು ಹಿಡಿಯಿತು. ಜಕ್ಕಪ್ಪ ಆ ನಾಲ್ಕು ತಾಸು ಕಾರಿಡಾರಿನಲ್ಲಿ ಎಷ್ಟು ನಡೆದನೆಂದರೆ, ಅಷ್ಟೇ ದಾರಿ ಊರ ಕಡೆ ನಡೆದಿದ್ದರೆ ಗಡಿ ದಾಟಿ ಕಾಗವಾಡ ಮುಟ್ಟುತ್ತಿದ್ದ ಎಂದು ಬಸವಂತ ಆಮೇಲೆ ನಕ್ಕ. ಹೊರಗೆ ಬಂದ ಡಾಕ್ಟರು, ಮೂಳೆ ತೆಗೆದಿದ್ದೇವೆ, ನರಕ್ಕೆ ಜಾಗ ಆಗಿದೆ, ಕಣ್ಣು ಏನು ಹೇಳುತ್ತದೋ ನೋಡಬೇಕು ಎಂದರು. ಮೊದಲ ದಿನ ತಾರವ್ವ ಮಂಪರಿನಲ್ಲಿದ್ದಳು. ಮೂಗಿನ ತುಂಬ ಹತ್ತಿ, ಬಾಯಿಯಿಂದ ಉಸಿರು, ತಲೆಯಲ್ಲಿ ಸಿಡಿತ. ಮೂಗು ಸೀಟಬಾರದು, ಬಗ್ಗಬಾರದು, ತಲೆ ತಿರುಗಿಸಬಾರದು, ಒಬ್ಬಳೇ ಏಳಬಾರದು ಎಂದು ಹೇಳಿದ್ದರು. ಎರಡನೆಯ ದಿನ ರಾಜೇಶ್ವರಿ ಬೆರಳು ತೋರಿಸಿ ಎಷ್ಟು ಎಂದು ಕೇಳಿದರು. ಸರಿಯಾಗಿ ಹೇಳಿದಳು. ಆದರೆ ಬೆರಳಿಗೆ ಬಣ್ಣ ಎಲ್ಲಿದೆ, ಆ ಪರೀಕ್ಷೆಯ ಮೇಲೆ ಅವಳಿಗೆ ನಂಬಿಕೆ ಇರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಡಬ್ಬಿ ಕೇಳಿದಳು. ಊಟದ ಸ್ಟೀಲಿನ ತಾಟಿಗೆ ಗಂಗಾ ಕಾಳು ಸುರಿದಳು. ನರ್ಸು ಕಲಸಿದಳು. ಪಕ್ಕದ ಮಂಚದವರೂ ಕತ್ತು ಚಾಚಿದರು. ತಾರವ್ವ ಕೈಯಿಟ್ಟಳು. ಬಾಗಿಲ ಬಳಿ ಅನುಸೂಯಾ ನಿಂತಿದ್ದಳು, ನೋಡುತ್ತಿದ್ದಳು.

ಎಂಟು ಸರಿ. ಎರಡು ತಪ್ಪು.

"ಇನ್ನೊಮ್ಮೆ ಕಲಸು," ಎಂದಳು ತಾರವ್ವ. ಮತ್ತೆ ಎಂಟು. ಮೂರನೆಯ ಸಲ ಒಂಬತ್ತು. ಜಕ್ಕಪ್ಪ ಮುಖ ಗೋಡೆಯ ಕಡೆಗೆ ತಿರುಗಿಸಿಕೊಂಡು ನಿಂತ. ಅವನ ಭುಜ ಕುಲುಕುತ್ತಿತ್ತು. ತಾರವ್ವನೂ ಅಳಬೇಕೆಂದಿದ್ದಳು. ಮೂಗಿನ ಹತ್ತಿ ನೆನಪಾಗಿ ತಡೆದುಕೊಂಡಳು. ರಾಜೇಶ್ವರಿ ಬಂದು ಕೇಳಿ, ತಾಟನ್ನು ತಾವೇ ಒಮ್ಮೆ ನೋಡಿ, ನಕ್ಕರು. ಆಮೇಲೆ ನಗು ನಿಲ್ಲಿಸಿ, ಇದು ಅರ್ಧ ಕೆಲಸ, ಇನ್ನು ಕರೆಂಟು ಕೊಡುವುದಿದೆ, ಗುಳಿಗೆಯನ್ನು ಈ ಸಲ ಬಿಟ್ಟರೆ ನಾನೇ ಐಗಳಿಗೆ ಬರುತ್ತೇನೆ ಎಂದರು.

ಹತ್ತು ಗಂಟೆಗೆ ಜಕ್ಕಪ್ಪ ಆಡುಗಳನ್ನು ನೋಡಿ ಬರಲು ಊರಿಗೆ ಹೊರಟ. ಬಸವಂತ ಅವನನ್ನು ಬಸ್ಸಿಗೆ ಬಿಡಲು ಹೋದ. ಗಂಗಾ ಗಂಜಿ ತರಲು ಕೆಳಗೆ ಇಳಿದಳು. ಆಗ ಅನುಸೂಯಾ ಒಳಗೆ ಬಂದಳು. ಮಂಚದ ತುದಿಗೆ ಕೂತಳು. ತಾರವ್ವ ಬೈಗುಳಕ್ಕೆ ಸಿದ್ಧಳಾಗಿದ್ದಳು. ತಪ್ಪಾಯಿತು, ಮುಚ್ಚಿಟ್ಟೆ, ನನ್ನ ಮಗಳನ್ನು ಅನ್ನಬೇಡಿ ಎಂಬ ಮಾತನ್ನು ಎರಡು ದಿನದಿಂದ ಜೋಡಿಸಿ ಇಟ್ಟುಕೊಂಡಿದ್ದಳು.

"ಅಕ್ಕಾರ," ಎಂದಳು ಅನುಸೂಯಾ. "ಎದಿ ತಗದಾಗ ಭಾಳ ನೋವ ಆಗಿತ್ತೇನ್ರಿ?"

ತಾರವ್ವ ಅವಳನ್ನು ನೋಡಿದಳು. ಎಡಗಣ್ಣಿನಿಂದ, ಸರಿಯಾಗಿ ನೋಡಿದಳು. ಅನುಸೂಯಾಳ ಸೀರೆ ಗಿಳಿಹಸಿರು. ಅದರ ಸೆರಗಿನ ಒಳಗೆ ಅವಳ ಬಲಗೈ ಎಡಗಡೆಯ ಕಂಕುಳಿಗೆ ಒತ್ತಿಕೊಂಡಿತ್ತು. ಗಾಡಿಯೊಳಗೆ ಕೂತಾಗಲೂ, ಬಾಕಿನ ಮೇಲೆ ಕೂತಾಗಲೂ ಅದು ಅಲ್ಲೇ ಇತ್ತು. ಎಲ್ಲರೂ ಅದನ್ನು ಸಿಟ್ಟು ಎಂದು ತಿಳಿದಿದ್ದರು.

"ಎಷ್ಟು ದಿನಾತ್ರಿ?"

"ದೀಪಾವಳಿ ಮುಂದ ಕೈಗೆ ಹತ್ತಿತು. ಸಣ್ಣದಿತ್ತು. ಈಗ..." ಅನುಸೂಯಾ ನಿಲ್ಲಿಸಿದಳು. "ಮೊಣಕಾಲು ನೆಟ್ಟಗ ಅದಾವ್ರಿ. ಇದನ್ನ ತೋರಸೂಣು ಅಂತ ಬಂದಿದ್ದೆ. ನೀವು ಅವತ್ತ ಡಾಕ್ಟರ್ ಮುಂದ ಅಂದ ಕೂಡಲೆ ನನ್ನ ಜೀವ ಬಾಯಿಗೆ ಬಂತು. ನಾನೂ ಹಂಗ ಅನ್ನಬೇಕಾಗ್ತೈತಿ ಅಂತ ಅಂಜಿ ಗಾಡ್ಯಾಗ ಹೋಗಿ ಕುಂತೆ. ಬಸ್ಯಾನ ತಂಗಿ ಇನ್ನೂ ಮನ್ಯಾಗ ಅದಾಳ, ಆಕಿಗೆ ಗಂಡು ನೋಡಾಕತ್ತೀವಿ. ಯಾರಿಗೂ ಹೇಳಬ್ಯಾಡ್ರಿ, ಅಕ್ಕಾರ. ಆಕಿ ಮದುವಿ ಆಗಲಿ, ಆಮ್ಯಾಗ..."

ತಾರವ್ವನಿಗೆ ನಾಲ್ಕು ವರ್ಷದ ಹಿಂದಿನ ತನ್ನ ಮಾತನ್ನೇ ಯಾರೋ ತನಗೆ ತಿರುಗಿ ಹೇಳಿದಂತಾಯಿತು. ಸಿಟ್ಟೂ ಬಂತು, ಮರುಕವೂ ಬಂತು. ಎರಡರಲ್ಲಿ ಸಿಟ್ಟು ಮೊದಲು ಮಂಚ ಇಳಿಯಿತು.

"ಏಳ್ರಿ."

"ಎಲ್ಲಿಗೆ? ನೀವು ಏಳಬಾರದು ಅಂದಾರ!"

"ಒಬ್ಬಾಕಿ ಏಳಬಾರದು ಅಂದಾರ. ನೀವು ಹಿಡಕೋರಿ. ಬಗ್ಗೂದಿಲ್ಲ, ನೆಟ್ಟಗ ನಡೀತೀನಿ."

ಇಬ್ಬರೂ ಕಾರಿಡಾರಿನಲ್ಲಿ ನಡೆದರು. ನೋಡಿದವರು, ಮೂಗಿಗೆ ಹತ್ತಿ ತುಂಬಿದ ಹೆಂಗಸನ್ನು ಇನ್ನೊಬ್ಬಳು ಕೈ ಹಿಡಿದು ಕರೆದೊಯ್ಯುತ್ತಿದ್ದಾಳೆ ಎಂದುಕೊಂಡಿರಬೇಕು. ಬಾಗಿಲು ಯಾವ ಕಡೆ, ಮೆಟ್ಟಿಲು ಎಲ್ಲಿ ಎಂದು ನೋಡಿಕೊಂಡು ಮುಂದೆ ಎಳೆಯುತ್ತಿದ್ದವಳು ತಾರವ್ವ. ಅನುಸೂಯಾಳ ಕಣ್ಣು ತುಂಬಿ ಅವಳಿಗೆ ಏನೂ ಕಾಣುತ್ತಿರಲಿಲ್ಲ. ನರ್ಸು ಹಿಂದಿನಿಂದ ಕೂಗಿದಳು. ತಾರವ್ವ ತಿರುಗಲಿಲ್ಲ, ತಲೆ ತಿರುಗಿಸಬಾರದು ಎಂದು ಅವರೇ ಹೇಳಿದ್ದರು ತಾನೇ.

ಚೀಟಿ ಮಾಡಿಸುವ ಕಿಟಕಿಯ ಮುಂದೆ ನಾಲ್ಕೈದು ಜನ ಇದ್ದರು. ಸರದಿ ಬಂತು. ಒಳಗಿನವನು ತಲೆ ಎತ್ತದೆ ಹೆಸರು, ಊರು ಕೇಳಿ ಬರೆದುಕೊಂಡ. ಆಮೇಲೆ ಮರಾಠಿಯಲ್ಲಿ, ಏನು ತ್ರಾಸು ಎಂದು ಕೇಳಿದ.

"ಮೊಣಕಾ..." ಎಂದಳು ಅನುಸೂಯಾ.

ತಾರವ್ವ ಅವಳ ಕೈಯನ್ನು ಹಿಸುಕಿದಳು. ಗಂಗಾ ಅವತ್ತು ಹಿಸುಕಿದ್ದಕ್ಕಿಂತ ಜೋರಾಗಿ ಹಿಸುಕಿದಳು. ಹಿಂದೆ ನಿಂತವರು ಕಾಯುತ್ತಿದ್ದರು. ಅನುಸೂಯಾ ಒಮ್ಮೆ ಉಸಿರು ಎಳೆದುಕೊಂಡಳು.

"ಎದ್ಯಾಗ ಗಂಟಾಗೇತ್ರಿ," ಎಂದಳು. ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿಯೇ ಅಂದಳು.

ಯಾರೂ ತಿರುಗಿ ನೋಡಲಿಲ್ಲ. ಕಿಟಕಿಯವನು ಅದನ್ನು ಬರೆದು, ಕೋಣೆಯ ನಂಬರು ಹೇಳಿ, ಚೀಟಿಯನ್ನು ಹೊರಗೆ ತಳ್ಳಿ, ಮುಂದಿನವರನ್ನು ಕರೆದ. ತಾರವ್ವ ಚೀಟಿಯನ್ನು ಎತ್ತಿಕೊಂಡು ಎಡಗಣ್ಣಿನ ಹತ್ತಿರ ಹಿಡಿದಳು. ಏನು ಬರೆದಿದ್ದಾನೆಂದು ಅವಳಿಗೆ ಓದಲು ಬರಲಿಲ್ಲ. ಶಾಯಿ ನೀಲಿ ಇತ್ತು, ಅದು ಕಂಡಿತು.